ಬೀಗರ ಕೈಯಲ್ಲಿ ಕಾಲು

ಲೇತ್ ಯಂತ್ರದ ಮೇಸ್ತ್ರಿ ಸಮುದ್ರಕ್ಕಿಳಿಯುವ ಮರದ ಮೆಟ್ಟಿಲಿನ ಮೇಲೆ ಕೂತು, ಪ್ಯಾಂಟು ಮಡಚಿ, ಎಡಗಾಲಿನ ಪಟ್ಟಿಗಳನ್ನು ಸಡಿಲಿಸತೊಡಗಿದಾಗ ನೀರಿನಲ್ಲಿ ಆಡುತ್ತಿದ್ದ ಮಗಳೂ ಅಳಿಯನೂ ತಿರುಗಿ ನೋಡಿದರು. ಮೊಣಕಾಲಿನ ಕೆಳಗೆ ಮೇಸ್ತ್ರಿಯದು ಕೃತಕ ಕಾಲು ಎಂಬುದು ಹೊಸ ಬೀಗರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಎರಡೂ ಮನೆಯವರನ್ನು ಈ ದ್ವೀಪದ ಐಷಾರಾಮಿ ರೆಸಾರ್ಟಿಗೆ ಕರೆತಂದಿದ್ದ ಬೀಗರು, ದೋಣಿ ಇಳಿದಾಗಿನಿಂದ "ನೀವು ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತ ಮೇಸ್ತ್ರಿಯನ್ನು ನೆರಳಿನಲ್ಲೇ ಕೂರಿಸಿದ್ದರು.

"ಬೇಡ ಕಣ್ರೀ, ಎಲ್ರೂ ನೋಡ್ತಾರೆ," ಎಂದು ಹೆಂಡತಿ ಪಿಸುಗುಟ್ಟಿದಳು.

"ನೋಡ್ಲಿ ಬಿಡು. ಇಷ್ಟು ಒಳ್ಳೆ ನೀರು ಬಿಟ್ಟು ಕೂರೋಕೆ ನನಗೇನು ಹುಚ್ಚಾ?" ಮೇಸ್ತ್ರಿ ಕಾಲು ಬಿಚ್ಚಿ, ಏನು ಮಾಡಬೇಕೆಂದು ತೋಚದೆ ನಿಂತಿದ್ದ ಬೀಗರತ್ತ ಚಾಚಿದರು. "ಸ್ವಲ್ಪ ಹಿಡ್ಕೊಳ್ಳಿ ಬೀಗ್ರೇ. ಕೀಲಿನೊಳಗೆ ಮರಳು ಹೋದ್ರೆ ಆಮೇಲೆ ತಲೆನೋವು."

ಬೀಗರು ಅದನ್ನು ಎಳೆಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ನೀರಿಗೆ ಜಾರಿದ ಮೇಸ್ತ್ರಿ, ಮಗಳನ್ನೂ ಅಳಿಯನನ್ನೂ ದಾಟಿ ಸಲೀಸಾಗಿ ಈಜುತ್ತ ಹೋದರು, ದೊಡ್ಡದೊಂದು ಸುತ್ತು ಹಾಕಿ ಮರಳಿ ಬಂದು ಮೆಟ್ಟಿಲಿನ ಕಂಬಿ ಹಿಡಿದರು. "ನೀವೂ ಬನ್ನಿ."

ಬೀಗರು ಮಗನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ನಂಗೆ ಈಜು ಬರಲ್ಲ. ಮನೇಲಿ ಯಾರಿಗೂ ಹೇಳಿಲ್ಲ."

"ಅದಕ್ಕೇನಂತೆ? ಕಾಲನ್ನ ನಮ್ಮವಳ ಕೈಗೆ ಕೊಟ್ಟು ಇಳೀರಿ. ನಾನಿದೀನಲ್ಲ."

ಬೀಗರು ಶರ್ಟು ಬಿಚ್ಚಿ, ಒಂದೊಂದೇ ಮೆಟ್ಟಿಲು ಇಳಿದು, ಎಲ್ಲರೂ ನೋಡುತ್ತಿದ್ದಂತೆಯೇ ಮೇಸ್ತ್ರಿಯ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡರು.