ಮಡಿ ಹಪ್ಪಳ

ಊರಿನ ಸಮಸ್ತ ಮಹಾಜನರಿಗೆ ತಿಳಿಯಪಡಿಸೋದೇನಂದ್ರೆ, ವೆಂಕೋಬಾಚಾರ್ರ ಮನೆ ಹಪ್ಪಳ ಇನ್ಮೇಲೆ ಬರೀ ಹಪ್ಪಳವಲ್ಲ, ಮಡಿ ಹಪ್ಪಳ! ಹಾಗಂತ ಜಗಲಿ ಮೇಲೆ ಬೋರ್ಡೇ ಬಿತ್ತು. ಮಡಿ ಮಡಿ ಅಂದು ಆಚಾರ್ರಿಗೆ ಹೆಸರು ಬಂತು, ಮಾಡಿ ಮಾಡಿ ಹೆಂಡತಿ ಗೋದಾವರಮ್ಮನ ರಟ್ಟೆ ಬಿದ್ದುಹೋಯ್ತು.

ಅವತ್ತು ಮಠದ ಪಾರುಪತ್ತೇಗಾರರು ಬಂದು ಜಗಲೀಲಿ ಕೂತಿದ್ರು. ಆರಾಧನೆಗೆ ರಾಶಿ ಹಪ್ಪಳ ಬೇಕಂತೆ, ಇವತ್ತೇ ಲಟ್ಟಿಸೋಕೆ ಶುರು ಮಾಡಬೇಕಂತೆ.

"ಅಷ್ಟಕ್ಕೆ ಆಳು ಇದಾರಾ, ಆಚಾರ್ರೇ?"

"ಆಳ್ಯಾಕೆ ಸ್ವಾಮಿ? ಇವಳು ಮನೇಲಿ ಸುಮ್ನೇ ಕೂತಿರ್ತಾಳಲ್ಲ!" ಆಚಾರ್ರು ಒಣಹಾಕಿದ ಹಪ್ಪಳದ ಪಕ್ಕದಲ್ಲೇ ಕಾಲಿನ ಉಗುರು ಕಿತ್ತು ಎಸೀತಾ ನಕ್ಕರು.

ನಸುಕಲ್ಲೇ ಎದ್ದು ಹಿಟ್ಟು ಕುಟ್ಟಿದ್ದ ಗೋದಾವರಮ್ಮ ಆ ನಗು ಕೇಳಿ ಜಗಲಿಗೆ ಬಂದು, ಹಪ್ಪಳದ ಪಕ್ಕ ಬಿದ್ದ ಉಗುರನ್ನ ಆಚೆ ತಳ್ಳಿದ್ರು.

"ರೀ, ಜೊತೆಗೆ ಒಬ್ಬಳನ್ನಾದ್ರೂ ಕರ್ಕೊಳ್ಳೋಣ. ಕೈ ಎತ್ತೋಕಾಗ್ತಿಲ್ಲ."

"ಮನೆ ಹೆಂಗಸಿಗೆ ಇದೂ ಒಂದು ಕೆಲಸವೇನೆ? ನಡಿ ಒಳಗೆ!"

ಗೋದಾವರಮ್ಮ ಒಳಗೆ ಹೋಗಲಿಲ್ಲ. ಅಂಗಳಕ್ಕಿಳಿದು ಮೂಲೇಲಿ ಕೂತ್ರು.

"ನಾನು ಹೊರಗಾದೆ ಕಣ್ರೀ. ಇನ್ನು ಮೂರು ದಿನ ಏನೂ ಮುಟ್ಟೋ ಹಾಗಿಲ್ಲ. ಅಯ್ಯೋ, ಹಿಟ್ಟೆಲ್ಲಾ ಮುಟ್ಟಿಬಿಟ್ಟಿದೀನಿ!"

ಪಾರುಪತ್ತೇಗಾರರು 'ರಾಮ ರಾಮ' ಅಂತ ಶಲ್ಯ ಮುದುರಿಕೊಂಡು, ಬೇರೆ ಮನೆ ನೋಡ್ತೀವಿ ಅಂದು ಬೀದಿಗಿಳಿದ್ರು.

ಆಚಾರ್ರು ಹಲ್ಲು ಕಡಿದ್ರು. "ಲೇ, ನಿನಗೆ ಅದೆಲ್ಲಾ ನಿಂತು ಐದು ವರ್ಷ ಆಯ್ತಲ್ಲೇ!"

"ಹೌದಲ್ಲಾ," ಅಂದ್ರು ಗೋದಾವರಮ್ಮ. "ಓಡಿಹೋಗಿ ಅವರಿಗೂ ಹೇಳಿ ಬನ್ನಿ."