ಗಡುವಿಗೆ ಮುಂಚೆ

"ಬೇಡ," ಎಂದ ಮರ್ಲ್ ಹಾಸ್ಟೆಟ್ಲರ್, ಮೂರನೆಯ ಸಲ. "ಅವನು ನಮ್ಮ ತಂಡಕ್ಕೆ ಬೇಡವೇ ಬೇಡ."

ಮೇಜಿನ ಆಚೆ ತಂಡದ ಒಡತಿ ರೋಸಲಿಂಡ್ ಕೆಟರಿಂಗ್ ಆರಿಹೋದ ಕಾಫಿ ಹಿಡಿದು ಕೂತಿದ್ದರು. ಕೋಚ್ ಪಾವ್ಲಿಕ್ ಬಾಗಿಲಿಗೇ ಕುರ್ಚಿ ಎಳೆದುಕೊಂಡು ಕಾಲು ಚಾಚಿದ್ದ. ಈರಿ ಸರೋವರದ ಗಾಳಿ ಕಿಟಕಿಯನ್ನು ಗುದ್ದುತ್ತಿತ್ತು. ಗಂಟೆ ಎರಡೂವರೆ. ಆಟಗಾರರ ಅದಲುಬದಲಿಗೆ ನಾಲ್ಕರ ಗಡುವು. ಗಡಿಯಾರ ನೋಡುತ್ತಿದ್ದವನು ಮಾತ್ರ ಮರ್ಲ್ ಒಬ್ಬನೇ.

ಭಾನುವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಅವರ ಫೋರ್ಜರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಕಾಲು ಮುರಿದುಕೊಂಡಿದ್ದ. ಚೆಂಡೆಸೆದು ಆಟ ನಡೆಸುವವನೇ ಇಲ್ಲದೆ ಉಳಿದ ಪಂದ್ಯಗಳ ಗತಿಯೇನು? ಈ ಹೊತ್ತಿನಲ್ಲಿ ಸಿಗುವಂಥವನು ಒಬ್ಬನೇ, ಏಮಸ್ ಟಾಲಿವರ್. ಅರವತ್ತು ಗಜದಿಂದ ಎಸೆದರೂ ಹಿಡಿಯುವವನ ಎದೆಗೇ ಚೆಂಡು ತಲುಪಿಸುವ ಕೈ. ಅದೇ ಕೈಯಿಂದ ಎರಡು ವರ್ಷದ ಹಿಂದೆ, ತುಂಬಿದ ಮೈದಾನದಲ್ಲಿ, ತನ್ನದೇ ತಂಡದ ಡಾಕ್ಟರ ದವಡೆಗೆ ಗುದ್ದಿದ್ದ. ವರ್ಷವಿಡೀ ನಿಷೇಧವಾಯಿತು. ಯಾಕೆ ಹೊಡೆದೆ ಎಂದು ಯಾರು ಕೇಳಿದರೂ ತುಟಿ ಬಿಚ್ಚಲಿಲ್ಲ.

"ಊರಿಗೆ ಊರೇ ಅವನು ಬೇಕು ಅಂತಿದೆ," ಎಂದ ಪಾವ್ಲಿಕ್.

"ಅರ್ಧ ಊರು. ಇನ್ನರ್ಧ ಟಿಕೆಟ್ ಹರಿದು ಬಿಸಾಕ್ತೀವಿ ಅಂತಿದೆ."

"ನೀನ್ಯಾವಾಗ ಪಾದ್ರಿ ಆದ್ಯಯ್ಯ? ಹೋದ ವರ್ಷ ಒಬ್ಬ ಆಟಗಾರ ಕುಡಿದು ಕಾರು ಗುದ್ದಿದ್ನಲ್ಲ, ಅವನನ್ನ ಕರ್ಕೊಂಡು ಬಂದೋನು ಯಾರು? ನೀನೇ ತಾನೆ?"

ಆಟಗಾರರನ್ನು ಆರಿಸುವುದು ಮರ್ಲ್‌ನ ಕೆಲಸ. ಹದಿನೆಂಟು ವರ್ಷದಲ್ಲಿ ಯಾರ ನಡತೆಯನ್ನೂ ಅವನು ತೂಗಿ ನೋಡಿದವನಲ್ಲ.

"ಟಾಲಿವರ್ ಡಾಕ್ಟರಿಗೆ ಹೊಡೆದಾಗ ನೀವೂ ಅದೇ ತಂಡದಲ್ಲಿದ್ರಿ," ಎಂದರು ರೋಸಲಿಂಡ್. "ಅವತ್ತು ಮೈದಾನದ ಅಂಚಲ್ಲೇ ನಿಂತಿದ್ರಿ. ಅವನು ಯಾಕೆ ಹೊಡೆದ, ಮರ್ಲ್?"

"ಕೊಬ್ಬು ಮೇಡಂ. ಇನ್ನೇನು?"

"ಬೇರೆ ಕಾರಣ ಇರ್ಲೇ ಇಲ್ವಾ?"

"ಇದ್ದಿದ್ರೆ ಅವನೇ ಹೇಳ್ತಿದ್ದ."

ಕಾರಣ ಇತ್ತು. ಅವತ್ತು ಎಲಿ ನವಾರೊ ಎಂಬ ಆಟಗಾರ ತಲೆಗೆ ಪೆಟ್ಟು ತಿಂದು ಬೆಂಚಿನ ಮೇಲೆ ಕೂತಿದ್ದ. ಇವತ್ತು ಯಾವ ವಾರ ಎಂದರೆ ತಡಕಾಡುತ್ತಿದ್ದ. ಇವನನ್ನು ಇನ್ನು ಆಡಿಸುವಂತಿಲ್ಲ ಎಂದಿದ್ದರು ಡಾಕ್ಟರು. ಆಗ ಮರ್ಲ್ ಅವರ ಕಿವಿಯ ಬಳಿ ಬಗ್ಗಿದ್ದ. "ಗೆಲ್ಲೋ ಪಂದ್ಯ ಇದು. ಅವನನ್ನ ಒಳಗೆ ಕಳಿಸಿ. ಇಲ್ಲಾಂದ್ರೆ ನಾಳೆಯಿಂದ ನೀವೂ ಬರೋದು ಬೇಡ."

ಎರಡೇ ನಿಮಿಷಕ್ಕೆ ನವಾರೊ ಮತ್ತೆ ಬಿದ್ದ. ಅದನ್ನು ಕಂಡೇ ಟಾಲಿವರ್ ಡಾಕ್ಟರಿಗೆ ಗುದ್ದಿದ್ದು. ಈಗ ಅವನಿಗೆ ತಾಯಿ ಚಮಚದಲ್ಲಿ ಉಣಿಸಬೇಕು. ಮಗನ ಸ್ಥಿತಿ ಪತ್ರಿಕೆಗಳ ಬಾಯಿಗೆ ಬೀಳುವುದು ಬೇಡ ಎಂದು ಆಕೆ ಅತ್ತಾಗ ಟಾಲಿವರ್ ಮಾತು ಕೊಟ್ಟಿದ್ದ, ಉಳಿಸಿಕೊಂಡಿದ್ದ. ತಪ್ಪು ಡಾಕ್ಟರದೇ ಎಂದು ಅವನು ನಂಬಿದ್ದ. ಡಾಕ್ಟರು ಪೆಟ್ಟು ತಿಂದು ಸುಮ್ಮನಾಗಿದ್ದರು.

ಟಾಲಿವರ್ ಬಂದರೆ ದಿನಾ ಅದೇ ಪಡಸಾಲೆ, ಅದೇ ಊಟದ ಮೇಜು. ಒಂದು ದಿನ ಮಾತಿಗೆ ಮಾತು ಬೆಳೆದು ನಿಜ ಹೊರಬಿದ್ದೇ ಬೀಳುತ್ತದೆ. ಬೇಡ ಎಂದರೆ ಇವರು ಕಾರಣ ಕೇಳುತ್ತಾರೆ. ಬೇಕು ಎಂದರೆ ಅವನೇ ಬಂದು ನಿಲ್ಲುತ್ತಾನೆ. ಮರ್ಲ್ ಎದ್ದ.

"ಮುಖ ತೊಳ್ಕೊಂಡು ಬರ್ತೀನಿ."

ಪಾವ್ಲಿಕ್ ಬಾಗಿಲಿಗೆ ಅಡ್ಡ ಚಾಚಿದ ಕಾಲನ್ನು ಮಡಚಲಿಲ್ಲ. "ಕೂತ್ಕೊಳಯ್ಯ. ಮುಗಿಸಿ ಹೋಗು."

"ಇದೊಂದೇ ಸಲ ಕೇಳ್ತೀನಿ," ಎಂದರು ರೋಸಲಿಂಡ್. ಅವರ ದನಿ ಇಳಿದಿತ್ತು, ಬೇಡಿಕೊಳ್ಳುವಂತಿತ್ತು. "ನಿಮ್ಮ ಬಾಯಿಂದ ಕೇಳದೆ ನಾನು ಇಲ್ಲಿಂದ ಏಳೋದಿಲ್ಲ. ಅವತ್ತು ಏನಾಯ್ತು?"

ಹೇಳಿಬಿಡಲೇ ಎನಿಸಿತು. ನಾಲಿಗೆಯ ತುದಿಗೆ ಬಂದ ನವಾರೊನ ಹೆಸರನ್ನು ಮರ್ಲ್ ನುಂಗಿಕೊಂಡ.

"ನನಗೆ ಗೊತ್ತಿಲ್ಲ ಮೇಡಂ. ಡಾಕ್ಟರೇ ಏನೋ ಎಡವಟ್ಟು ಮಾಡಿರ್ಬೇಕು." ಅವನು ಉಸಿರು ಬಿಟ್ಟ. "ಅಷ್ಟೊಂದು ಬೇಕು ಅಂತಿದ್ರೆ ಕರ್ಕೊಳ್ಳಿ. ನನ್ನದೇನೂ ಅಡ್ಡಿಯಿಲ್ಲ."

ಪಾವ್ಲಿಕ್ ನೆಲ ನೋಡುತ್ತ ಕಾಲು ಮಡಚಿಕೊಂಡ. ರೋಸಲಿಂಡ್ ಕಾಫಿಯ ಲೋಟ ಕೆಳಗಿಟ್ಟರು.

"ಟಾಲಿವರ್‌ನ ಬೆಳಿಗ್ಗೆ ಒಂಬತ್ತಕ್ಕೇ ಕರ್ಕೊಂಡಾಯ್ತು ಮರ್ಲ್, ನಿನ್ನೆ ಡಾಕ್ಟರೇ ಬಂದು ಎಲ್ಲಾ ಹೇಳಿದ ಮೇಲೆ. ನಿಮ್ಮನ್ನ ಇಟ್ಕೋಬೇಕೋ ಬೇಡ್ವೋ ಅನ್ನೋದೊಂದೇ ಬಾಕಿ ಇದ್ದಿದ್ದು."