ಖಾಲಿ ಕೋಣೆಯ ಸದ್ದು

ಪತ್ರಿಕೆಯ ವರದಿಗಾರ ಬಾಗಿಲ ಹೊರಗೆ ಶೂ ಬಿಚ್ಚುತ್ತಿದ್ದಾಗಲೇ ಸೊಸೆಗೆ ಗೊತ್ತಾಯಿತು, ಮಾವ ಬಾಯಿ ಬಿಟ್ಟಿದ್ದಾರೆ ಎಂದು. ಮಧ್ಯಾಹ್ನ ಮೂರು ಗಂಟೆಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಾಗಲೇ ಅನುಮಾನ ಬರಬೇಕಿತ್ತು.

"ಎಲ್ಲಿ ಸರ್ ನಿಮ್ಮ ಕಲಾವಿದರು?" ಎಂದ ವರದಿಗಾರ, ಕುರ್ಚಿ ಎಳೆದುಕೊಳ್ಳುತ್ತ. "ಫೋನಲ್ಲಿ, ಮೌನ ರೆಕಾರ್ಡ್ ಮಾಡಿ ಮಾರೋರು ಮನೆಯವರೇ ಒಬ್ಬರು ಅಂದ್ರಿ. ಯಾರು ಅಂತ ಕೇಳಿದ್ರೆ, ಬಾ ಹೇಳ್ತೀನಿ ಅಂದ್ರಿ. ಭಾನುವಾರದ ಪುಟದಲ್ಲಿ ಜಾಗ ಹಿಡಿದಿಟ್ಟಿದೀನಿ."

ಮಾವ ಗಂಟಲು ಸರಿಮಾಡಿಕೊಂಡರು. ಅವರು ಶುರುಮಾಡುವ ಮೊದಲೇ ಸೊಸೆ, "ಮಾವ, ಸಕ್ಕರೆ ಡಬ್ಬ ಮೇಲಿದೆ, ನನಗೆ ಎಟುಕ್ತಿಲ್ಲ. ಸ್ವಲ್ಪ ಬನ್ನಿ" ಎಂದಳು. ಮಾವ ಅವಳಿಗಿಂತ ಅರ್ಧ ಅಡಿ ಗಿಡ್ಡ. ಆದರೂ ಎದ್ದು ಒಳಗೆ ಬಂದರು. ಮಾತು ಹೊರಗೆ ಕೇಳದಿರಲಿ ಎಂದು ಅವಳು ಪಾತ್ರೆಯೊಂದನ್ನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು.

"ಯಾಕೆ ಹೇಳಿದ್ರಿ?"

"ಯಾಕೆ ಹೇಳಬಾರದು? ನನ್ನ ಕಣ್ಣಿನ ಆಪರೇಷನ್ ಆಗಿದ್ದು ನಿನ್ನ ದುಡ್ಡಲ್ಲಿ. ಆ ಕಣ್ಣಲ್ಲಿ ನಿನ್ನ ಹೆಸರು ಓದೋ ಆಸೆ ನನಗಿರಬಾರದಾ?"

ಅವಳ ಕೆಲಸ ಅವರಿಗೆ ತಿಳಿದದ್ದೇ ಆಸ್ಪತ್ರೆಯ ಬಿಲ್ ಕಟ್ಟುವಾಗ. ಅಂಗೈಯಗಲದ ಒಂದು ರೆಕಾರ್ಡರ್ ಹಿಡಿದು ಅವಳು ಕೋಣೆಗಳ ಮೌನವನ್ನು ಮುದ್ರಿಸಿಕೊಂಡು ಬರುತ್ತಿದ್ದಳು. ಹೊಲಿಗೆ ಯಂತ್ರ ನಿಂತ ಮೇಲಿನ ದರ್ಜಿ ಅಂಗಡಿ, ಮಕ್ಕಳೆಲ್ಲ ತರಗತಿಗೆ ಹೋದ ಮೇಲಿನ ಶಾಲೆಯ ಮೆಟ್ಟಿಲು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುವವರ ಬೆಂಚು. ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟರೆ ಸಿನಿಮಾದವರು ಕೊಳ್ಳುತ್ತಿದ್ದರು. ಮಾರುವವರ ಹೆಸರು ಕೇಳಿದ ಜಾಗದಲ್ಲಿ ಅವಳು ಬರೀ ಒಂದು ಸಂಖ್ಯೆ ಹಾಕಿದ್ದಳು.

"ನಿಮ್ಮ ಮಗಳಿಗೆ ಗೊತ್ತಾದಾಗ ಏನಾಯ್ತು ಹೇಳಿ. ಇಲ್ಲಿದ್ದ ಒಂದು ವಾರವೂ ಸದ್ದಾಗಬಾರದು ಅಂತ ಲೋಟಾನ ಒಡೆಯೋ ಮೊಟ್ಟೆ ಥರ ಕೆಳಗಿಟ್ಟಳು. ಇನ್ನು ಊರಿಗೆಲ್ಲ ಗೊತ್ತಾದ್ರೆ, ನಾನು ಹೋದ ಕಡೆ ಜನ ಉಸಿರು ಬಿಗಿಹಿಡಿದು ಕೂರ್ತಾರೆ. ಅದು ಮೌನ ಅಲ್ಲ ಮಾವ, ನಾಟಕ. ನನ್ನ ಕೆಲಸ ಅಲ್ಲಿಗೆ ಮುಗೀತು."

ಮಾವ ನೀರನ್ನೇ ನೋಡುತ್ತಿದ್ದರು.

"ನಲವತ್ತು ವರ್ಷ ಪ್ರೆಸ್ಸಲ್ಲಿ ಕೂತು ಕಂಡವರ ಪುಸ್ತಕದ ತಪ್ಪು ತಿದ್ದಿದೆ" ಎಂದರು. "ಒಬ್ಬರು ಮುನ್ನುಡಿಯಲ್ಲಿ ನಿಮ್ಮನ್ನ ನೆನೀತೀನಿ ಅಂದಿದ್ರು. ಆ ಮುನ್ನುಡಿನೂ ತಿದ್ದೋಕೆ ನನ್ನ ಮೇಜಿಗೇ ಬಂತು. ಟೈಪ್ ಮಾಡಿದವನ ಹೆಸರಿತ್ತು. ಟೀ ತಂದುಕೊಟ್ಟವನ ಹೆಸರಿತ್ತು. ಎರಡು ಕಡೆ ಅಲ್ಪವಿರಾಮ ಸರಿಮಾಡಿ ವಾಪಸ್ ಕಳಿಸಿದೆ. ನಿನಗೂ ಹಾಗಾಗೋದು ಬೇಡ ಅಂತ, ಅಷ್ಟೇ."

ಇದನ್ನು ಅವರು ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೊಸೆಗೆ ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಮಗೆ ಬೇಕಿತ್ತು, ಅವರು ಕೊಡಲಿಲ್ಲ. ನನಗೆ ಬೇಡ, ನೀವು ಕೊಡ್ತಿದೀರಿ" ಎಂದಳು ಮೆಲ್ಲಗೆ. "ಎರಡು ಸಲವೂ ನಮ್ಮನ್ನ ಯಾರೂ ಕೇಳಲಿಲ್ಲ ಮಾವ."

ಪಾತ್ರೆ ತುಂಬಿ ಚೆಲ್ಲುತ್ತಿತ್ತು. ಮಾವ ಕೈ ಚಾಚಿ ನಲ್ಲಿ ನಿಲ್ಲಿಸಿದರು. "ಬಂದವನು ಬರಿಗೈಲಿ ಹೋದ್ರೆ ಕೆದಕ್ತಾನೆ. ಹಗಲು ಹೊತ್ತು ಈ ಮನೇಲಿ ಇರೋದೇ ಇಬ್ಬರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಫ್ರಿಜ್ಜಿನ ಮೇಲಿದ್ದ ರೆಕಾರ್ಡರ್ ತೆಗೆದುಕೊಂಡು ಹೊರಗೆ ಹೋದರು.

"ಕಲಾವಿದ ನಾನೇ ಕಣಪ್ಪ. ಹೇಳಿಕೊಳ್ಳೋಕೆ ನಾಚಿಕೆಯಾಗಿ ಹಾಗಂದೆ."

ವರದಿಗಾರನ ಹುಬ್ಬು ಮೇಲೇರಿತು. "ನೀವಾ? ಅಲ್ಲ ಸರ್, ಏನೂ ಕೇಳಿಸದೆ ಇರೋದನ್ನ ದುಡ್ಡು ಕೊಟ್ಟು ಯಾರು ತಗೋತಾರೆ?"

"ಖಾಲಿ ಕೋಣೆಗೂ ಅದರದೇ ಸದ್ದಿರುತ್ತೆ. ಸಿನಿಮಾದಲ್ಲಿ ಮಾತಿನ ನಡುವೆ ಅದನ್ನ ತುಂಬಿಸ್ತಾರೆ. ಇಲ್ಲದಿದ್ರೆ ಪ್ರತಿ ಮಾತೂ ಬಾವಿಗೆ ಬಿದ್ದ ಹಾಗೆ ಕೇಳುತ್ತೆ." ಅವಳು ಎಂದೋ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಆಮೇಲೆ ತೋರಿಸಲು ಹೋಗಿ, ರೆಕಾರ್ಡರನ್ನು ತಲೆಕೆಳಗಾಗಿ ಹಿಡಿದು, ಎಲ್ಲಿ ಒತ್ತುವುದೆಂದು ತಿಳಿಯದೆ ತಡವರಿಸಿದರು.

"ಮಾವ, ಪಕ್ಕದಲ್ಲಿರೋ ಕೆಂಪು ಗುಂಡಿ" ಎಂದಳು ಸೊಸೆ, ಟೀ ಹಿಡಿದು ಬಾಗಿಲಲ್ಲಿ ನಿಂತು.

"ಅರೆ, ಸೊಸೆನೂ ಕಲಿತುಬಿಟ್ಟಿದಾರೆ!"

"ದಿನಾ ನನ್ನ ನೋಡಿ ನೋಡಿ ಬಂದಿದೆ" ಎಂದರು ಮಾವ, ಮುಖ ಎತ್ತದೆ. ಅವಳು ತುಟಿ ಕಚ್ಚಿಕೊಂಡಳು.

"ಇಷ್ಟು ದಿನ ಹೆಸರು ಯಾಕೆ ಹಾಕಿಕೊಳ್ಳಲಿಲ್ಲ ಸರ್?"

ಈ ಪ್ರಶ್ನೆಗೆ ಒಪ್ಪಿಸಲು ಮಾವನ ಹತ್ತಿರ ಅವಳ ಮಾತು ಇರಲಿಲ್ಲ. ಟೀ ಬಟ್ಟಲನ್ನು ತಿರುಗಿಸುತ್ತ ಕೂತರು.

"ಹೆಸರಿಲ್ಲದೆ ಇರೋರೆಲ್ಲ ಅದಕ್ಕಾಗಿ ಕಾಯ್ತಿರ್ತಾರೆ ಅಂದ್ಕೊಂಡಿದ್ದೆ ಕಣಪ್ಪ" ಎಂದರು ಕೊನೆಗೆ. "ಹಾಗೇನಿಲ್ಲ ಅಂತ ಈಚೆಗೆ ಗೊತ್ತಾಯ್ತು."

ಅವನು ಬರೆದುಕೊಂಡ. ಅರ್ಥವಾದಂತೆ ಕಾಣಲಿಲ್ಲ. ಎದ್ದು ನಿಂತು ಮೊಬೈಲ್ ಎತ್ತಿ ಹಿಡಿದ. "ಅಕ್ಕ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫೋಟೋದಲ್ಲಿ ನೀವೂ ಬೀಳ್ತಿದೀರಿ."

ಸೊಸೆ ಗೋಡೆಯ ಕಡೆಗೆ ಸರಿದಳು. "ಇಲ್ಲಿ ನೋಡಿ ಸರ್" ಎಂದ ಅವನು, ಎರಡು ಸಲ.

ಭಾನುವಾರ ಫೋಟೋ ಬಂತು, ಕೆಳಗೆ ಮಾವನ ಹೆಸರು ದಪ್ಪ ಅಕ್ಷರಗಳಲ್ಲಿ. ಮಾಡದ ಕೆಲಸದ ಭಾರಕ್ಕೆ ಅವರ ಭುಜಗಳು ಸ್ವಲ್ಪ ಇಳಿದಿದ್ದವು. ಕಣ್ಣುಗಳು ಮಾತ್ರ ಓದುವವರ ಕಡೆಗಿರಲಿಲ್ಲ. ಚಿತ್ರದ ಅಂಚಿನಾಚೆ, ಯಾರೂ ಇಲ್ಲದಂತೆ ತೋರುವ ಕಡೆಗೆ ನೋಡಿ ನಗುತ್ತಿದ್ದವು.